ಜಿಡ್ಡು ಹೋದ ದಾರಿ

ಮಾರ್ಚ್ 1, ಶನಿವಾರ

ಫಿಲ್ಟರ್ ತೊಳೆಯುವ ದಿನ. ಒಲೆಗಳ ಮೇಲೆ ಹೊಗೆ ಎಳೆಯುವ ಹುಡ್‌ನಿಂದ ಆರೂ ಇಳಿಸಿ ಬಿಸಿನೀರು, ಸೋಡಾಪುಡಿಯಲ್ಲಿ ನೆನೆಸಿದೆ. ಯಾವಾಗಲೂ ನೀರು ಕಪ್ಪಗಾಗಬೇಕು. ಇವತ್ತು ಅಕ್ಕಿ ತೊಳೆದ ನೀರಿನಷ್ಟೇ ಮಬ್ಬು. ಜಿಡ್ಡು ಇಳಿಯುವ ಡಬ್ಬಿಯಲ್ಲೂ ಬರೀ ತಳ ಒದ್ದೆ.

ಮ್ಯಾನೇಜರ್ ನೋಡಿ, "ಏನಮ್ಮಾ, ಕನ್ನಡಿ ಥರ ಹೊಳೀತಿದಾವಲ್ಲ!" ಎಂದರು. ಹೊಗಳಿಕೆ ಯಾರಿಗೆ ಬೇಡ, ಸುಮ್ಮನೆ ತೆಗೆದುಕೊಂಡೆ. ಆದರೆ ಹನ್ನೊಂದು ವರ್ಷದಿಂದ ಈ ಕ್ಯಾಂಟೀನಿನ ಜಿಡ್ಡು ಉಜ್ಜಿದವಳು ನಾನು. ಅದು ಹೇಳದೆ ಕೇಳದೆ ಜಾಗ ಖಾಲಿ ಮಾಡುವ ಪೈಕಿ ಅಲ್ಲ. ಎಲ್ಲಿಗೆ ಹೋಯಿತು?

ಮಾರ್ಚ್ 4, ಮಂಗಳವಾರ

ತಲೆಯಲ್ಲಿ ಹುಳ ಹೊಕ್ಕಿದೆ. ನಮ್ಮಣ್ಣ ಎಣ್ಣೆ ಕಡಿಮೆ ಮಾಡಿರಬೇಕು ಅಂದುಕೊಂಡೆ — ಕರಿಯುವ ಬಾಣಲೆ ಅವನದೇ ಸಾಮ್ರಾಜ್ಯ, ಇಪ್ಪತ್ತಾರು ವರ್ಷದಿಂದ. ನನಗೆ ಈ ಕೆಲಸ ಕೊಡಿಸಿದವನೂ ಅವನೇ. ಕೇಳಿದೆ. "ಹೂಂ, ಹೂಂ" ಎಂದು ನಕ್ಕು ಜಾಲರಿ ಸೌಟು ಅಲ್ಲಾಡಿಸಿದ.

ಸ್ಟೋರ್‌ನಲ್ಲಿ ನೋಡಿದರೆ ವಾರಕ್ಕೆ ನಾಲ್ಕು ಟಿನ್. ಹಿಂದಿನಷ್ಟೇ. ಮಧ್ಯಾಹ್ನ ಎಲ್ಲರಿಗೂ ಕಣ್ಣುರಿ ಬೇರೆ. ಹೊಸ ಎಣ್ಣೆಯದೇ ತಪ್ಪಂತೆ. ಪಾಪದ ಎಣ್ಣೆ, ಬಾಯಿಲ್ಲ ನೋಡಿ.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಫಿಲ್ಟರ್‌ನ ಹಿಂದೆ, ಪೈಪ್ ಶುರುವಾಗುವಲ್ಲಿ, ಬಿಳಿ ಹಾಳೆ ಅಂಟಿಸಿದೆ. ಊಟದ ಗಲಾಟೆ ಮುಗಿದ ಮೇಲೆ ಕಿತ್ತು ನೋಡಿದೆ. ಹಾಳೆಯ ಆಚೆ ನನ್ನ ಬೆರಳು ಕಾಣುತ್ತಿತ್ತು! ಎಣ್ಣೆ ಕುಡಿದು ಕುಡಿದು ಗಾಜಿನ ಹಾಗಾಗಿದೆ.

ಅಂದರೆ ಜಿಡ್ಡು ಫಿಲ್ಟರ್ ದಾಟಿಕೊಂಡೇ ಹೋಗುತ್ತಿದೆ. ತೂತು ಬಿದ್ದಿದೆಯೇ ಎಂದು ಆರನ್ನೂ ಬೆಳಕಿಗೆ ಹಿಡಿದೆ. ಇಲ್ಲ. ಖುಷಿಯಾಯಿತು... ಯಾಕೆ ಅಂತ ಕೇಳಬಾರದು. ಗಂಟು ಬಿಡಿಸುವುದೆಂದರೆ ನನಗೆ ಚಿಕ್ಕಂದಿನಿಂದ ಇಷ್ಟ.

ಮಾರ್ಚ್ 10, ಸೋಮವಾರ

ಹುಡ್‌ನ ಹೊಗೆ ಎಳೆಯುವ ಫ್ಯಾನಿನ ಮೆಕ್ಯಾನಿಕ್ ಬಂದಿದ್ದರು, ನಾನೇ ಫೋನ್ ಮಾಡಿಸಿದ್ದು. ಪೈಪಿನೊಳಗೆ ಟಾರ್ಚ್ ಬಿಟ್ಟು ಶಿಳ್ಳೆ ಹಾಕಿದರು. ಬೆರಳು ದಪ್ಪ ಜಿಡ್ಡು.

"ನಿಮ್ಮ ಫಿಲ್ಟರಲ್ಲಿ ಜರಡಿ ಇಲ್ಲಮ್ಮ, ಬರೀ ಅಡ್ಡ ತಗಡು. ಗಾಳಿ ಜೋರಾಗಿ ಬಂದು ಗಕ್ಕಂತ ತಿರುಗುತ್ತೆ. ಎಣ್ಣೆ ಹನಿ ಭಾರ, ತಿರುಗಕ್ಕಾಗಲ್ಲ. ತಗಡಿಗೆ ಬಡಿದು ಅಂಟ್ಕೊಳ್ಳುತ್ತೆ."

"ಗಾಳಿ ನಿಧಾನವಾಗಿ ಬಂದ್ರೆ?"

ನನ್ನನ್ನೇ ಒಮ್ಮೆ ನೋಡಿದರು. "ಆಗ ಹನೀನೂ ಗಾಳಿ ಜೊತೆ ಆರಾಮಾಗಿ ತಿರುಗಿಕೊಂಡು ಹೋಗುತ್ತೆ."

ಅದಕ್ಕೇ ಫಿಲ್ಟರ್ ಚೊಕ್ಕಟ! ಓಡುವವನು ತಿರುವಿನಲ್ಲಿ ಗೋಡೆಗೆ ಗುದ್ದುತ್ತಾನೆ, ನಡೆಯುವವನು ಗುದ್ದುವುದಿಲ್ಲ. ಎಷ್ಟು ಸರಳ. ಕುಣಿಯಬೇಕು ಅನ್ನಿಸಿತು.

ಆದರೆ ಫ್ಯಾನಿನ ಗುಂಡಿ ಐದರಲ್ಲೇ, ಪೂರ್ತಿ ಜೋರಿನಲ್ಲೇ ಇದೆ. ಮೋಟರ್ ಸರಿಯಿದೆ. ಮೆಕ್ಯಾನಿಕ್ ಹೋಗುವಾಗ ನಗಲಿಲ್ಲ. "ಬಾಣಲೆ ಬೆಂಕಿ ಒಂದ್ಸಲ ಈ ಪೈಪ್ ಹಿಡಿದ್ರೆ ಮೇಲಿನ ನಾಲ್ಕು ಮಹಡಿಗೂ ಏರುತ್ತೆ. ಭಾನುವಾರ ಕ್ಲೀನ್ ಮಾಡ್ತೀನಿ. ಅಲ್ಲೀವರೆಗೂ ಕರಿಯೋದು ಬೇಡ. ಮತ್ತೆ ಐದರಿಂದ ಕೆಳಗೆ ಇಳಿಸ್ಬೇಡಿ."

ಮ್ಯಾನೇಜರ್ ಒಪ್ಪಿದರು. ವಾರವಿಡೀ ಬೇಯಿಸಿದ್ದು, ಬಾಡಿಸಿದ್ದು ಮಾತ್ರ.

ಮಾರ್ಚ್ 12, ಬುಧವಾರ, ಮಧ್ಯಾಹ್ನ 12.40

ಗುಂಡಿ ಇಳಿಸುವವರು ಯಾರು ಎಂದು ನೋಡಲು ಸ್ಟೋರ್ ಬಾಗಿಲ ಹಿಂದೆ ನಿಂತು ಬರೆಯುತ್ತಿದ್ದೇನೆ. ಕೌಂಟರ್‌ನಿಂದ ಆರ್ಡರ್ ಕೂಗುವುದು ಶುರುವಾಯಿತು. ಈಗಷ್ಟೇ ಫ್ಯಾನಿನ ಸದ್ದು ಇಳಿಯಿತು. ಗುಂಡಿಯ ಮೇಲೆ ಅಣ್ಣನ ಕೈ.

ಅದೇ ದಿನ, ಸಂಜೆ

ಐದರಿಂದ ಎರಡಕ್ಕೆ. ಗಲಾಟೆ ಮುಗಿದ ಮೇಲೆ ಮತ್ತೆ ಐದಕ್ಕೆ. ಕಳ್ಳ ಸಿಕ್ಕ ಖುಷಿ ಒಂದು ಕ್ಷಣ ಇತ್ತು, ಸುಳ್ಳು ಯಾಕೆ ಹೇಳಲಿ.

ಯಾಕೆ ಇಳಿಸುತ್ತಾನೆ? ಅದನ್ನೂ ನೋಡಿಯೇ ಬಿಡೋಣ ಅಂದುಕೊಂಡೆ. ಫ್ಯಾನ್ ಎರಡರಲ್ಲಿದ್ದಾಗ ಬೆನ್ನ ಹಿಂದೆ ನಿಂತು "ಅಣ್ಣಾ" ಎಂದೆ. ತಿರುಗಿದ. ಐದಕ್ಕೆ ಹೋದ ಮೇಲೆ ಅಲ್ಲೇ ನಿಂತು ಕರೆದೆ. ಮೂರು ಸಲ. ಮೂರನೆಯದು ಕಿರುಚಿದ ಹಾಗೇ ಇತ್ತು. ಅವನು ತನ್ನ ಪಾಡಿಗೆ ತಾನು ಈರುಳ್ಳಿ ಬಾಡಿಸುತ್ತಿದ್ದ.

ನನ್ನ ಕುತೂಹಲಕ್ಕಿಷ್ಟು ಬೆಂಕಿ ಹಾಕ.

ಮಾರ್ಚ್ 13, ಗುರುವಾರ

ಹಿತ್ತಲಲ್ಲಿ, ಖಾಲಿ ಟಿನ್‌ಗಳ ಹತ್ತಿರ ಕೂರಿಸಿ ಕೇಳಿದೆ. ಮೊದಲು ರೇಗಿದ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ವರ್ಷ ಆಯ್ತು ಕಣೇ. ಫ್ಯಾನ್ ಸದ್ದಲ್ಲಿ ಆರ್ಡರ್ ಒಂದೂ ಕೇಳಲ್ಲ. ಗೊತ್ತಾದ್ರೆ ಬಾಣಲೆ ಮುಂದೆ ನಿಲ್ಲಿಸ್ತಾರಾ? ನಂಗೆ ಬೇರೆ ಏನು ಬರುತ್ತೆ ಹೇಳು."

"ಮೇಲೆ ಅಷ್ಟು ಜನ ಕೂತಿರ್ತಾರಲ್ಲಣ್ಣ. ಪೈಪಿಗೆ ಬೆಂಕಿ ಹತ್ತಿದ್ರೆ?"

ಅದು ಅವನಿಗೆ ಗೊತ್ತಿರಲಿಲ್ಲ. ನಿಜವಾಗಲೂ ಗೊತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತು. "ನೀನು ಹೇಳ್ಬೇಡ. ಸೋಮವಾರ ನಾನೇ ಹೇಳ್ತೀನಿ" ಎಂದ.

ಒಪ್ಪಿದೆ. ಅಲ್ಲಿವರೆಗೆ ನಾನೇ ಅವನ ಪಕ್ಕ ನಿಂತು ಆರ್ಡರ್ ಹೇಳುತ್ತೇನೆ, ಗುಂಡಿ ಮುಟ್ಟುವ ಹಾಗಿಲ್ಲ. ಮನೆಗೆ ಬಂದು ಅತ್ತೆ. ಈ ಗಂಟು ಹಾಗೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮಾರ್ಚ್ 17, ಸೋಮವಾರ

ನಿನ್ನೆ ಪೈಪಿನಿಂದ ಏಳು ಬಕೆಟ್ ಜಿಡ್ಡು ತೆಗೆದರಂತೆ. ಇವತ್ತು ಫ್ಯಾನ್ ಐದರಲ್ಲಿ, ಪೂರ್ತಿ ಸದ್ದು. ಬಾಣಲೆ ಮತ್ತೆ ಒಲೆ ಏರಿತು. "ಪಕ್ಕ ನಿಲ್ಬೇಡ, ನೋಡೇ ಬಿಡ್ತೀನಿ" ಎಂದು ಅಣ್ಣ ನನ್ನನ್ನು ಅಟ್ಟಿದ. ಎರಡು ಆರ್ಡರ್ ತಪ್ಪಿಹೋದವು.

ಒಂದು ಗಂಟೆಗೆ ಒಲೆ ಆರಿಸಿ, ಮ್ಯಾನೇಜರ್ ಅವರನ್ನು ಮೂಲೆಗೆ ಕರೆದ. ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳುವವನ ಹಾಗೆ ಶುರು ಮಾಡಿದ. ಅವನಿಗೆ ಅದು ಪಿಸುಮಾತು. ನಮಗೆ ಕೌಂಟರ್ ತನಕ ಕೇಳಿಸಿತು.

"ಸರ್, ಯಾರಿಗೂ ಹೇಳ್ಬೇಡಿ. ನಂಗೆ ಕಿವಿ ಕೇಳಲ್ಲ. ಫ್ಯಾನ್ ಇಳಿಸ್ತಿದ್ದೋನು ನಾನೇ."

ಈಳಿಗೆ, ಸೌಟು, ಎಲ್ಲ ನಿಂತವು. ಮ್ಯಾನೇಜರ್ ನೆಲ ನೋಡುತ್ತಾ, "ನಾಳೆಯಿಂದ ತರಕಾರಿ ಹೆಚ್ಚೋ ಕಡೆ ಇರ್ಲಿ ಇವರು" ಎಂದರು.

ಅಣ್ಣನಿಗೆ ಕೇಳಲಿಲ್ಲ. ಹೇಳಿ ಹಗುರಾದವನ ಮುಖ. ನಗುತ್ತಾ ನನ್ನ ಕಡೆ ತಿರುಗಿ, "ಏನಂದ್ರು ಕಣೇ?" ಎಂದ.

ಫ್ಯಾನ್ ಇಳಿಸಲು ಗುಂಡಿಗೆ ಕೈ ಹಾಕಿದೆ. ತಡೆದ.

"ಬೇಡ, ಓಡ್ಲಿ. ಗಟ್ಟಿಯಾಗಿ ಹೇಳು."

ಎಲ್ಲರೂ ನೋಡುತ್ತಿದ್ದರು. ಉಸಿರು ಎಳೆದುಕೊಂಡೆ. ಅಣ್ಣಾ, ನಾಳೆಯಿಂದ ನೀನು—