ಮಗಳು ಸದ್ದು ಹಿಡಿಯಲು ಬಂದ ಭಾನುವಾರ

ಬ್ರೂಮ್‌ಹಿಲ್, ಶೆಫೀಲ್ಡ್
ಮಂಗಳವಾರ, ೪ ನವೆಂಬರ್ ೨೦೨೫

ಪ್ರೀತಿಯ ಅಹಲ್ಯಾ,

ಹೇಗಿದ್ದೀಯ? ಅತ್ತೆಯವರ ಸೊಂಟ ಹೇಗಿದೆ? ವಾಕರ್ ಹಿಡಿದು ನಡುಮನೆಯವರೆಗೆ ಬಂದರು ಎಂದು ಹೋದ ವಾರ ನೀನು ಹೇಳಿದಾಗ ನಿಜವಾಗಿ ಸಮಾಧಾನವಾಯಿತು. ಆ ವಯಸ್ಸಿಗೆ ಮುರಿದ ಮೂಳೆ ಕೂಡುವುದೇ ದೊಡ್ಡದು. ನಿನ್ನ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಅದಕ್ಕೂ ಪುರುಸೊತ್ತಿಲ್ಲವಾ? ನಾನು ಚೆನ್ನಾಗಿದ್ದೇನೆ. ಸಾರು ಮಾಡಲು ಬರುತ್ತದೆ, ಹುಳಿ ಇನ್ನೂ ಕೈಗೆ ಹತ್ತಿಲ್ಲ. ಶನಿವಾರ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಉಳಿದ ಬಿಸಿಬೇಳೆಬಾತನ್ನು ವಾಸಂತಿಯವರು ಡಬ್ಬಿ ತುಂಬಾ ಹಾಕಿ ಕೊಟ್ಟರು. ನಿನ್ನೆ ಎರಡು ಹೊತ್ತೂ ಅದೇ ಊಟ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಆದರೆ ವಿಡಿಯೋ ಕಾಲ್ ಮಾಡಿದರೆ ನನಗೆ ಕಾಣುವುದು ನಿಮ್ಮ ಮನೆಯ ಸೀಲಿಂಗ್ ಫ್ಯಾನು ಮಾತ್ರ. ನೀನು ಫೋನನ್ನು ಮಲಗಿಸಿ ಹುರುಳಿಕಾಯಿ ಹೆಚ್ಚುತ್ತಿರುತ್ತೀಯ. ಈ ಭಾನುವಾರ ನಡೆದದ್ದು ಫ್ಯಾನಿಗೆ ಹೇಳುವಂಥದ್ದಲ್ಲ. ನನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಶ್ರೀಕಾಂತ್ ಇವತ್ತು ಸಂಜೆ ಮೈಸೂರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸೋಣವೆಂದು ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ.

ಸೆಪ್ಟೆಂಬರ್ ಕೊನೆಯಲ್ಲಿ ನಿನ್ನ ಮಗಳು ಲೆಮಿಂಗ್ಟನ್ನಿನಿಂದ ಫೋನ್ ಮಾಡಿದಳು. ಊಟವಾಯಿತಾ ಎನ್ನಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ, ನೇರವಾಗಿ, "ಅಪ್ಪಾ, ಡೂ ಯು ಸ್ಟಿಲ್ ಹ್ಯಾವ್ ದ ರೈಫಲ್?" ಅಂದಳು. ಸುಮಾರು ಮೂವತ್ತು ವರ್ಷದಿಂದ ಹರ್ಷಿತಾ ಆ ವಸ್ತುವಿನ ಹೆಸರೆತ್ತಿದವಳಲ್ಲ. ಅದನ್ನು ಇಟ್ಟಿರುವ ಮಹಡಿಯ ಸಣ್ಣ ಕೋಣೆಗೆ ಕಾಲಿಟ್ಟವಳೂ ಅಲ್ಲ. ವಿಷಯವೇನೆಂದರೆ ಅವಳ ಸ್ಟುಡಿಯೋದವರು ಹೊಸ ವಿಡಿಯೋ ಗೇಮ್ ಮಾಡುತ್ತಿದ್ದಾರೆ. ಕುದುರೆ, ಧೂಳು, ಹಳೆಯ ಕಾಲದ ಅಮೆರಿಕ. ಅದರ ಸದ್ದುಗಳೆಲ್ಲ ಇವಳ ಹೊಣೆ. ಸಿದ್ಧವಾಗಿ ಸಿಗುವ ರೆಕಾರ್ಡಿಂಗುಗಳಲ್ಲಿ ಲೀವರ್ ರೈಫಲ್ಲಿನ ಸದ್ದು ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದ ಹಾಗಿದೆಯಂತೆ. ನಿಜವಾದದ್ದು ಬೇಕು, ಅದೂ ವರ್ಷಗಟ್ಟಲೆ ಬಳಸಿ ಪಳಗಿದ ಕೈಯದ್ದು ಬೇಕು ಅಂದಳು.

ಅವಳಿಗೆ ಎಂಟು ವರ್ಷವಿದ್ದಾಗಿನದು ನಿನಗೆ ನೆನಪಿದೆ. ಸ್ಕಾಟ್ಲೆಂಡಿನ ಒಂದು ಶಾಲೆಯಲ್ಲಿ ಒಬ್ಬ ಮನುಷ್ಯ ಪುಟ್ಟ ಮಕ್ಕಳನ್ನು ಪಿಸ್ತೂಲಿನಿಂದ ಕೊಂದ ಆ ವರ್ಷ. ಆಗ ಗುರಿ ಹೊಡೆಯುವ ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಪಿಸ್ತೂಲಿನವರೇ, ನಾನೂ. ಬೆಳಗಿನ ತಿಂಡಿಯ ಹೊತ್ತಿಗೆ ಹರ್ಷಿತಾ ತಟ್ಟೆಯಿಂದ ತಲೆಯೆತ್ತದೆ, "ಆ ಮನುಷ್ಯನ ಹತ್ರ ಇದ್ದದ್ದೇ ನಿಮ್ಮ ಹತ್ರಾನೂ ಇದೆಯಾ ಅಪ್ಪಾ?" ಎಂದು ಕೇಳಿದಳು. ನಾನು ಹೌದು ಅಂದೆ. ಬೇರೆ ಏನು ಹೇಳಬೇಕಿತ್ತೋ ನನಗೆ ಇವತ್ತಿಗೂ ತಿಳಿಯದು. ಮರುವರ್ಷ ಸರ್ಕಾರ ಎಲ್ಲರ ಪಿಸ್ತೂಲನ್ನೂ ವಾಪಸು ತೆಗೆದುಕೊಂಡಿತು. ನಾನೂ ಪೊಲೀಸ್ ಠಾಣೆಗೆ ಹೋಗಿ ಕೊಟ್ಟು ಬಂದೆ. ಕೊಡುವಾಗ ಕಷ್ಟವಾಗಲಿಲ್ಲ. ಆಮೇಲಿನ ಭಾನುವಾರಗಳು ಮಾತ್ರ ಬಹಳ ಉದ್ದವಾದವು.

ಆ ಚಳಿಗಾಲದಲ್ಲೇ ನಾವಿಬ್ಬರೂ ಬೇಕ್‌ವೆಲ್ಲಿನ ಅಂಗಡಿಗೆ ಹೋದದ್ದು. ನಮ್ಮ ಕ್ಲಬ್ಬಿನವರೆಲ್ಲ ಒಬ್ಬೊಬ್ಬರಾಗಿ ಲೀವರ್ ರೈಫಲ್ಲಿಗೆ ತಿರುಗಿದ್ದರು. ಕಾನೂನಿಗೆ ಅದು ಒಪ್ಪಿಗೆ, ನಮ್ಮ ಸಣ್ಣ ರೇಂಜಿಗೂ ಸರಿಹೊಂದುತ್ತಿತ್ತು. ನೀನು ಕಾರಿನಲ್ಲೇ ಕೂರುತ್ತೇನೆ ಎಂದವಳು ಚಳಿ ತಡೆಯದೆ ಒಳಗೆ ಬಂದೆ. ಅಂಗಡಿಯ ಮುದುಕರು ಹಿಡಿಯ ಕೆಳಗಿನ ಉಂಗುರದಂಥ ಲೀವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದು ತೋರಿಸಿದರು. ನೀನು ಸ್ವೆಟರಿನ ತೋಳಿನಲ್ಲಿ ಕೈ ಮುಚ್ಚಿಕೊಂಡು ನೋಡುತ್ತಾ, "ಕೈಪಂಪು ಇದ್ದ ಹಾಗಿದೆಯಲ್ಲ ರೀ, ಹೊಡೆದಷ್ಟೇ ನೀರು" ಅಂದೆ. ಆ ರೈಫಲ್ಲಿನ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಆಮೇಲೆ ಯಾವ ಪರಿಣತನ ಬಾಯಲ್ಲೂ ಕೇಳಲಿಲ್ಲ. ನೂರೈವತ್ತು ವರ್ಷದ ಹಿಂದಿನ ಅಮೆರಿಕದ ನಮೂನೆ, ಇಟಲಿಯಲ್ಲಿ ಮಾಡಿದ್ದು, ವಾಲ್‌ನಟ್ ಮರದ ಹಿಡಿ. ಅದಕ್ಕಿಂತ ಚುರುಕಾದವು, ನಿಖರವಾದವು ಅಂಗಡಿ ತುಂಬಾ ಇದ್ದವು. ನನಗೆ ಅದೇ ಬೇಕಾಯಿತು.

ಯಾಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ, ನಾನು ಹಾರಿಸಿಬಿಡುತ್ತಿದ್ದೆ. ಈಗ ಹೇಳುತ್ತೇನೆ. ವಾರವಿಡೀ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟು ಬೇರೆಯವರ ಉಸಿರಿನ ಪಕ್ಕ ಕೂತಿರುತ್ತಿದ್ದೆ. ಅಲ್ಲಿ ಎಲ್ಲವೂ ತಾನಾಗಿ ನಡೆಯುತ್ತದೆ. ಪಂಪು ತಾನಾಗಿ ಔಷಧಿ ಬಿಡುತ್ತದೆ, ಮಾನಿಟರು ತಾನಾಗಿ ಕೂಗುತ್ತದೆ, ನಾನು ಕಾಯುತ್ತೇನೆ. ಈ ರೈಫಲ್ಲು ತಾನಾಗಿ ಏನನ್ನೂ ಮಾಡುವುದಿಲ್ಲ. ಒಂದು ಗುಂಡು ಹೋದ ಮೇಲೆ ಅದು ಸುಮ್ಮನೆ ನಿಂತಿರುತ್ತದೆ. ನಾನು ಕೈಯಾಡಿಸಿದರೆ ಖಾಲಿ ತೋಟಾ ಹಾರಿ ಬೀಳುತ್ತದೆ, ಹೊಸದು ಒಳಗೆ ಹೋಗುತ್ತದೆ, ಲೀವರು ತನ್ನ ಜಾಗಕ್ಕೆ ಬಂದು ಕೂತಾಗ ಅಂಗೈಗೆ ಗೊತ್ತಾಗುತ್ತದೆ. ಮುಗಿಯಿತು. ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವ ಮೈಸೂರಿನಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾಗಳಿಗೆ ಕರೆದೊಯ್ಯುತ್ತಿದ್ದರು. ಅದರೊಳಗಿನ ಮಾತು ಅವರಿಗೂ ಅರ್ಥವಾಗುತ್ತಿರಲಿಲ್ಲ, ನನಗೂ. ಆದರೆ ಕುದುರೆಯ ಮೇಲಿನವನು ಲೀವರ್ ಎಳೆದ ಸದ್ದಿಗೆ ಥಿಯೇಟರಿಗೆ ಥಿಯೇಟರೇ ಸ್ತಬ್ಧವಾಗುತ್ತಿತ್ತು. ಮಾವ ನನ್ನ ಭುಜ ಒತ್ತುತ್ತಿದ್ದರು. ಅದೂ ಸ್ವಲ್ಪ ಇದರಲ್ಲಿ ಸೇರಿದೆ.

ನಿಮ್ಮ ಅಮ್ಮನ ಕಥೆಯನ್ನು ಬರೆಯದಿದ್ದರೆ ಹೇಗೆ. ಅಳಿಯಂದಿರಿಗೆ ಹೊಸದಾಗಿ ಲೀವರ್ ಬಂದಿದೆ ಎಂದು ನೀನು ಟ್ರಂಕ್‌ಕಾಲಿನಷ್ಟೇ ಕೆಟ್ಟ ಲೈನಿನಲ್ಲಿ ಹೇಳಿದ್ದೆ. ರತ್ನಮ್ಮನವರು ಅದನ್ನು ಪಿತ್ತಕೋಶದ ಪಕ್ಕದ ಲಿವರ್ ಎಂದು ತಿಳಿದು, ಯಾರದೋ ಕೈಯಲ್ಲಿ ನೆಲನೆಲ್ಲಿಯ ಪುಡಿ ಕಳಿಸಿದರು. ತಿಂಗಳಾನುಗಟ್ಟಲೆ ನನ್ನ ಕಣ್ಣು ಹಳದಿಯಾಗಿದೆಯಾ ಎಂದು ವಿಚಾರಿಸಿದರು. ನಾನು ಆ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿದೂ ಮುಗಿಸಿದೆ, ಅಳಿಯನಾದ ತಪ್ಪಿಗೆ.

ಸರಿ, ಭಾನುವಾರಕ್ಕೆ ಬರುತ್ತೇನೆ. ಕ್ಲಬ್ಬಿನಲ್ಲಿ ಹೊರಗಿನವರು ಬರಬಹುದಾದ ದಿನ ಅಪರೂಪ, ಅದು ಮೊನ್ನೆ ಇತ್ತು. ಹರ್ಷಿತಾ ಹಿಂದಿನ ದಿನವೇ ಕಾರಿನ ತುಂಬಾ ಮೈಕು, ವೈರು ತುಂಬಿಕೊಂಡು ಬಂದಳು. ಬೆಳಿಗ್ಗೆ ನಾನು ಮಹಡಿಯ ಕೋಣೆಯ ಉಕ್ಕಿನ ಕಪಾಟು ತೆಗೆಯುವಾಗ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಬರಲಿಲ್ಲ. ರೇಂಜು ಊರಾಚೆಯ ಹಳೆಯ ಕಲ್ಲುಗಣಿಯಲ್ಲಿದೆಯಲ್ಲ, ಅಲ್ಲಿಗೆ ತಲುಪಿದ್ದೇ ಅವಳು ಬೇರೆಯವಳೇ ಆದಳು. ಬಂಡೆಯ ಗೋಡೆಯ ಬಳಿ ಒಂದು ಮೈಕು, ಗುರಿಯ ಹಲಗೆಯ ಪಕ್ಕಕ್ಕೆ ಒಂದು, ನಾನು ನಿಲ್ಲುವ ಕಡೆ ನೆಲಕ್ಕೆ ಹತ್ತಿರ ಎರಡು. ಕ್ಲಬ್ಬಿನ ಮುದುಕರಿಗೆಲ್ಲ, "ನಾನು ಹೇಳುವವರೆಗೆ ಯಾರೂ ಕೆಮ್ಮಬಾರದು, ಜಿಪ್ ಎಳೆಯಬಾರದು, ಟೀ ಕಲಕಬಾರದು" ಎಂದು ಅಪ್ಪಣೆ ಕೊಟ್ಟಳು. ಕಾರ್ಯದರ್ಶಿ ಡೆನಿಸ್ ನಿನಗೆ ಗೊತ್ತು. ಉಕ್ಕಿನ ಕಾರ್ಖಾನೆಯಲ್ಲಿದ್ದವರು, ನಿನ್ನ ಮಾವಿನಮಿಡಿ ಉಪ್ಪಿನಕಾಯಿಯನ್ನು ಚಮಚದಲ್ಲಿ ತಿಂದು ಕಣ್ಣೀರು ಸುರಿಸಿದವರು. ಅವರು ಕೈಕಟ್ಟಿ ನಿಂತು ನಿಜವಾಗಿಯೂ ಉಸಿರು ಬಿಗಿಹಿಡಿದಿದ್ದರು.

ಮೊದಲು ತೋಟಾ ಇಲ್ಲದೆ ಬರಿಯ ಲೀವರ್. ನಿಧಾನವಾಗಿ, ಬೇಗನೆ, ಸಿಟ್ಟಿನಲ್ಲಿ, ದಣಿದವನ ಹಾಗೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ನಿಂತವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಆಮೇಲೆ, ಹೆದರಿಕೊಂಡವನ ಹಾಗೆ ಮಾಡಿ ಅಂದಳು. ನನಗೆ ಬರಲಿಲ್ಲ. ಎಷ್ಟು ಸಲ ಮಾಡಿದರೂ ಅದು ಶಾಂತವಾದ ಸದ್ದೇ ಆಗುತ್ತಿತ್ತು. ಅವಳು ಕಣ್ಣು ತೆರೆದಳು. ಆಮೇಲೆ, ಏನು ಹೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಿನ್ನ ಮಗಳು, ಅಷ್ಟು ಜನರ ಎದುರಿಗೆ, "ಇರಲಿ ಅಪ್ಪಾ. ನಿಮಗೆ ಹೇಗೆ ಬರುತ್ತೋ ಹಾಗೇ ಮಾಡಿ" ಅಂದಳು.

ಗುಂಡು ಹಾರಿಸುವುದು ಮುಗಿದ ಮೇಲೆ ಹೆಡ್‌ಫೋನ್ ತಂದು ನನ್ನ ಕಿವಿಗೆ ಹಾಕಿದಳು. ನನಗೆ ಸಣ್ಣ ಸದ್ದುಗಳು ಕೇಳದೆ ಎಷ್ಟೋ ಕಾಲವಾಗಿದೆ, ಟಿವಿಯ ವಿಚಾರದಲ್ಲಿ ನಮಗೆ ಆಗುವ ಜಗಳ ನಿನಗೆ ಗೊತ್ತಿದ್ದದ್ದೇ. ಅದರಲ್ಲಿ ಖಾಲಿ ತೋಟಾ ಹಾರಿ ಸಿಮೆಂಟಿನ ನೆಲಕ್ಕೆ ಬೀಳುವ ಸದ್ದು ಕೇಳಿಸಿತು, ಅಹಲ್ಯಾ. ಹಿತ್ತಾಳೆಯ ಪುಟ್ಟ ಗೆಜ್ಜೆಯ ಹಾಗೆ ಎರಡು ಸಲ ಪುಟಿದು ಉರುಳುತ್ತದೆ. ಆ ಸದ್ದು ಇನ್ನೂ ಇದೆ ಎಂಬುದನ್ನೇ ನಾನು ಮರೆತಿದ್ದೆ. ಕಣ್ಣಲ್ಲಿ ನೀರು ಬಂತು. ಡೆನಿಸ್ ಬೇರೆ ಕಡೆ ತಿರುಗಿ ಯಾರೊಂದಿಗೋ ಟೀ ವಿಚಾರ ಮಾತಾಡಿದರು.

ಆಮೇಲೆ ಅವರೇ ಹರ್ಷಿತಾಳನ್ನು, ನೀನೂ ಹಾರಿಸಿ ನೋಡುತ್ತೀಯಾ ಎಂದು ಕೇಳಿದರು. ಬೇಡ ಅನ್ನುತ್ತಾಳೆ ಎಂದುಕೊಂಡೆ. ಅವಳು ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಡೆನಿಸ್ ಪಕ್ಕದಲ್ಲಿ ನಿಂತು ಭುಜಕ್ಕೆ ಹೇಗೆ ಆನಿಸಬೇಕೆಂದು ತೋರಿಸಿದರು. ಮೊದಲ ಗುಂಡು ಎಲ್ಲಿ ಹೋಯಿತೋ ಆ ಬಂಡೆಗೇ ಗೊತ್ತು. ಹಾರಿಸಿ ಹಾಗೆಯೇ ಕಾಯುತ್ತಾ ನಿಂತಳು. "ಅದು ತಾನಾಗಿ ಮಾಡಲ್ಲ, ಲವ್. ನೀನೇ ಮಾಡಬೇಕು," ಅಂದರು ಡೆನಿಸ್ ತಮ್ಮ ಯಾರ್ಕ್‌ಷೈರಿನ ಎಳೆದ ಮಾತಿನಲ್ಲಿ. ಅವಳು ಲೀವರನ್ನು ಅರ್ಧಕ್ಕೆ ತಳ್ಳಿ ನಿಲ್ಲಿಸಿ, ನಗುತ್ತಾ, ಪೂರ್ತಿ ಎಳೆದಳು. ಖಟ್, ಖಟಕ್. ಕೊನೆಯ ಎರಡು ಗುಂಡು ಕಾಗದಕ್ಕೆ ಬಿದ್ದವು. ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡಳು, ನನಗೆ ಕೊಡಲಿಲ್ಲ.

ಮನೆಯ ಮುಂದೆ ಬಂದ ಮೇಲೂ ಕಾರಿನಿಂದ ಇಳಿಯದೆ ಕೂತಿದ್ದಳು. ಆಗ ಹೇಳಿದಳು. ಚಿಕ್ಕವಳಿದ್ದಾಗ ಅವಳಿಗೆ ಬಂದೂಕಿನ ಭಯವಿರಲಿಲ್ಲವಂತೆ. ನಾನು ಪಿಸ್ತೂಲನ್ನು ಠಾಣೆಗೆ ಕೊಡಲು ಹೋದೆನಲ್ಲ, ಪೊಲೀಸರು ಪಿಸ್ತೂಲಿನ ಜೊತೆ ನನ್ನನ್ನೂ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದಳಂತೆ. ನಾನು ಬರುವವರೆಗೂ ಕಿಟಕಿಯಲ್ಲಿ ನಿಂತಿದ್ದಳಂತೆ. ಆಮೇಲೆ ಈ ರೈಫಲ್ ಬಂದಾಗ, ಇದನ್ನೂ ಒಂದು ದಿನ ಕೊಡಲು ಹೋಗುತ್ತಾರಲ್ಲ, ಆಗ ಪೊಲೀಸರು ಅಪ್ಪನನ್ನು ಬಿಡುವುದಿಲ್ಲ ಎಂದು ಅದರ ಕಡೆ ನೋಡುವುದನ್ನೇ ಬಿಟ್ಟಳು. "ಐ ವಾಸ್ ನೈನ್, ಅಪ್ಪಾ," ಎಂದು ಸ್ಟೀರಿಂಗಿಗೆ ಹೇಳಿದಳು. ಇಷ್ಟು ವರ್ಷ ನಾನು ಅವಳಿಗೆ ನನ್ನ ಮೇಲೆ ಅಸಹ್ಯವೆಂದು ತಿಳಿದಿದ್ದೆ. ಅವಳ ತಲೆ ಸವರಿದೆ. ಎಂದಿನಂತೆ, ಕೂದಲು ಕೆಡುತ್ತದೆ ಎಂದು ಬೈಯಲಿಲ್ಲ.

ಇಳಿಯುವ ಮೊದಲು, ಇನ್ನೊಂದು ಕೇಳಿ ಎಂದು ಹೆಡ್‌ಫೋನನ್ನು ಮತ್ತೆ ನನ್ನ ಕಿವಿಗೆ ಹಾಕಿದಳು. ನೀನು ಅವಳಿಗೆ ಕಳಿಸಿದ ಎರಡು ವಾಯ್ಸ್ ಮೆಸೇಜುಗಳು. ಒಂದು ಆಗಸ್ಟಿನಲ್ಲಿ ನೀನು ಹೋದ ಹೊಸತರಲ್ಲಿ ಕಳಿಸಿದ್ದು, ಇನ್ನೊಂದು ಕಳೆದ ವಾರದ್ದು. ಎರಡರಲ್ಲೂ ನೀನು, ನಾನು ಚೆನ್ನಾಗಿದ್ದೀನಿ ಕಣೇ, ಅಜ್ಜಿಯೂ ಆರಾಮಾಗಿದ್ದಾರೆ ಎಂದೇ ಹೇಳಿದ್ದೀಯ. ಎರಡನೆಯದರಲ್ಲಿ ಆ ಸಣ್ಣ ವಾಕ್ಯದ ನಡುವೆ ಎರಡು ಕಡೆ ಉಸಿರು ತೆಗೆದುಕೊಂಡಿದ್ದೀಯ, ಕೊನೆಯ ಪದ ಹೊರಗೇ ಬಂದಿಲ್ಲ. "ಶೀ ಈಸ್ ನಾಟ್ ಸ್ಲೀಪಿಂಗ್," ಅಂದಳು ಹರ್ಷಿತಾ. ಇನ್ನೊಂದು ಸಲ ಹಾಕು ಅಂದೆ, ಹಾಕಿದಳು. ಆಮೇಲೆ ಒಳಗೆ ಬಂದು ನನ್ನ ಕೈಯ ಸಾರು ಉಂಡು, ಉಪ್ಪು ಕಡಿಮೆ ಎಂದು ಹೇಳಿ, ಕತ್ತಲಾಗುವ ಮೊದಲು ಹೊರಟಳು.

ಮತ್ತೇನಿಲ್ಲ. ಪಕ್ಕದ ಮನೆಯ ಮಕ್ಕಳು ನಾಳಿನ ಬಾನ್‌ಫೈರ್ ಹಬ್ಬದ ಪಟಾಕಿಯನ್ನು ಇವತ್ತೇ ಹೊಡೆಯುತ್ತಿದ್ದಾರೆ. ಹಿತ್ತಲಿನ ಕೊತ್ತಂಬರಿ ಚಳಿಗೆ ಸತ್ತಿತು, ಕ್ಷಮಿಸು. ಅತ್ತೆಯವರ ಪಾದಗಳಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೈಗೆ ಈ ಕಾಗದ ಸೇರುವಾಗ ಮೈಸೂರಿನಲ್ಲಿ ಒಳ್ಳೆಯ ಬಿಸಿಲಿರಲಿ, ಅದನ್ನು ಓದುವಷ್ಟು ಹೊತ್ತಾದರೂ ನೀನು ಕೂತಿರು.

ನಿನ್ನ
ಇಂದುಶೇಖರ

ಮರೆತಿದ್ದು: ಶ್ರೀಕಾಂತ್ ಬಾಗಿಲಲ್ಲೇ ನಿಂತಿದ್ದಾರೆ, ಕಾರು ಸ್ಟಾರ್ಟ್ ಆಗಿಯೇ ಇದೆ. ಮನೆ ಖಾಲಿಯಿರುವಾಗ ರೈಫಲ್ ಇಲ್ಲಿರಬಾರದು, ಮಧ್ಯಾಹ್ನ ಲೈಸೆನ್ಸ್ ಇರುವ ಬಂದೂಕು ಡೀಲರ್ ಬಳಿ ಬಿಟ್ಟು ಬಂದೆ. ಅಲ್ಲಿಗೆ ಬರಲು ನನಗೆ ಇಪ್ಪತ್ತೆರಡರ ವಿಮಾನಕ್ಕೆ ಟಿಕೆಟ್ ಆಗಿದೆ. ವಾಪಸಿಗೆ ಮಾಡಿಸಿಲ್ಲ. ಬೇಡ ಎಂದು ಫೋನ್ ಮಾಡಬೇಡ. ಆಯುಷ್ಯವೆಲ್ಲ ನೈಟ್ ಡ್ಯೂಟಿ ಮಾಡಿದವನು ನಾನು, ಅತ್ತೆಯ ರಾತ್ರಿ ಪಾಳಿ ನನಗೆ ಬಿಡು. ನೀನು ನಿದ್ದೆ ಮಾಡು.