ಲಗ್ನದ ಸೂಟ್

ಮಾರ್ಚ್ ೧, ೧೯೬೪. ರವಿವಾರ, ಮಧ್ಯಾಹ್ನ

ಮುದ್ದೇಬಿಹಾಳದಲ್ಲಿ ಇವತ್ತು ಯಾರಿಗೂ ಜಡ್ಡಿಲ್ಲ. ದವಾಖಾನೆಯ ಬಾಗಿಲು ಅರ್ಧ ಹಾಕಿ ಕೂತಿದ್ದೆ. ಬಾಗೇವಾಡಿಯಿಂದ ಗುರಪ್ಪ ವಕೀಲರು ಬಂದರು. ಇನ್‌ಕಮ್ ಟ್ಯಾಕ್ಸ್ ಸಲುವಾಗಿ. ನನಗೆ ಟ್ಯಾಕ್ಸ್ ಬೀಳುವುದು ಇದೇ ಮೊದಲು. ಅವರು ಹೇಳುತ್ತಾ ಹೋದರು, ನನಗೆ ಜೋಗುಳದ ಹಾಗೆ ಕೇಳುತ್ತಿತ್ತು.

“ವಿಮಾ ಕಂತಿಗೆ ಸೂಟ್ ಐತ್ರಿ. ಪೋಸ್ಟಿನ ಹತ್ತ ವರ್ಷದ ಠೇವಣಿಗೂ ಸೂಟ್. ನಿಮ್ಮ ಇಂಡಿ ಊರಿನ ಹೊಲದ ಜ್ವಾಳ ಇದರಾಗ ಬರೂದಿಲ್ಲ, ಬ್ಯಾರೆ ಬರದಿಡ್ರಿ. ಔಷಧದ ಪಾವತಿ ಚೀಟಿ ಒಂದೂ ಒಗೀಬ್ಯಾಡ್ರಿ.”

ಸೂಟ್ ಅಂದರೆ ರಿಯಾಯಿತಿ. ಈ ಕಡೆ ಅಂಗಡಿಯವರೂ ಹಾಗೇ ಅನ್ನುತ್ತಾರೆ.

ನಾನು ಕಿಟಕಿಯಾಚೆ ಬೇವು ನೋಡುತ್ತಿದ್ದೆ. ಹೂ ಬಿಟ್ಟಿದೆ. ತಾಳಿಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲೂ ಒಂದು ಬೇವಿದೆ. ಹುಡುಗಿಯರ ಕಣ್ಣು ನೋಡಲು ಹೋದಾಗ ಅದರ ಕೆಳಗೇ ಅಲ್ಲಿನ ಶಿಕ್ಷಕಿ ಜೈತುನಬಿ ನಿಂತಿದ್ದಳು, ಕೈಯಲ್ಲಿ ಸೀಮೆಸುಣ್ಣ, ತೋಳಿನ ಮೇಲೆ ಹೂವಿನ ಪುಡಿ...

“ಡಾಕ್ಟರ್, ಎಲ್ಲಿ ಹೋದ್ರಿ?”

“ಇಲ್ಲೇ ಅದೀನ್ರಿ.”

“ಹೆಂಗೂ ಹೆಣ್ಣ ಗೊತ್ತಾಗೇತಿ. ಈ ಮೂವತ್ತೊಂದರೊಳಗ ಮುಗಿಸಿಬಿಡ್ರಿ. ಲಗ್ನ ಆದ್ರ ಸೂಟ್ ಸಿಗತೈತಿ. ಮುಂದ ಮಕ್ಕಳಾದ್ರ ಅದಕ್ಕೂ ಸೂಟ್.”

ದವಾಖಾನೆಯ ಹಿಂದೆಯೇ ಮನೆ. ಪರದೆಯಾಚೆ ಪೀರಬಿ ಫುಫಿಯ ಬಳೆ ಸದ್ದಾಯಿತು. ಅಪ್ಪನ ತಂಗಿ, ನನ್ನನ್ನು ಸಾಕಿದವಳು. ಕೇಳಿಸಿಕೊಂಡಳೇನೋ.

ಮಾರ್ಚ್ ೩

ಜೈತುನಳ ತಂದೆ ರಸೂಲಸಾಬರಿಗೆ ಹೇಳಿ ಕಳಿಸಿದೆ. ಬಕ್ರೀದ್ ಆದಮೇಲೆ ಅಂದಿದ್ದ ನಿಕಾಹ್ ಇದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ಇರಲಿ ಅಂತ. ಒಪ್ಪಿದರು. ಟ್ಯಾಕ್ಸ್ ಉಳಿಯುವುದು ಒಂದು ನೆಪ. ನನಗೆ ತಡೆಯಲಾಗುತ್ತಿಲ್ಲ, ಅಷ್ಟೇ.

ಆ ದಿನ ಬೇವಿನ ಕೆಳಗೆ ಅವಳೇ ಅಂದಿದ್ದಳು: “ನಮ್ಮಕ್ಕನ ಲಗ್ನ ಒಂದ ವಾಚಿನ ಸಲುವಾಗಿ ಮುರೀತ್ರಿ. ಏನರೆ ಕೇಳಾವ್ರು ನನಗ ಬ್ಯಾಡ.” ನಾನು ಏನೂ ಕೇಳುವವನಲ್ಲ ಅಂದೆ. ಅಲ್ಲಿಂದಲೇ ಎಲ್ಲ ಶುರು.

ಗೂಟದ ಮೇಲಿನ ಹಳೇ ಕೋಟು ಕಾಣುತ್ತಿಲ್ಲ. ಫುಫಿ ಒಗೆಯಲು ಹಾಕಿರಬೇಕು.

ಮಾರ್ಚ್ ೧೧

ಕೋಟು ಸಿಕ್ಕಿತು. ತಾಳಿಕೋಟೆಯಿಂದ ವಾಪಸ್ ಬಂತು. ಬಳೆ ಮಾರುವ ಮಾಬುಬಿ ತಂದಳು, ನೀಟಾಗಿ ಮಡಿಸಿ. ಜೊತೆಗೆ ರಸೂಲಸಾಬರ ಮಾತು: “ಕೋಟ್ ಅಷ್ಟ ಅಲ್ಲ, ಕೊಟ್ಟ ಮಾತೂ ವಾಪಸ್.”

ಫುಫಿ ಬಾಗಿಲಿಗೆ ಒರಗಿ ನಿಂತಳು. “ಲಗ್ನ ಆದ್ರ ಸೂಟ್ ಕೊಡ್ತಾರಂತ ವಕೀಲರ ಅಂದ್ರಲ್ಲೋ. ರಸೂಲಸಾಬರದ ಬಟ್ಟಿ ಅಂಗಡಿ. ಸೂಟ್ ಹೊಲಸ್ಲಿ ಅಂತ ನಾ ಅಳತಿಗೆ ಕೋಟ್ ಕಳಿಸಿದ್ನಿ. ತಪ್ಪೇನಾತು?”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೋಟು ಹಿಡಿದು ಕೂತೆ. ಅದಕ್ಕೆ ಅವರ ಅಂಗಡಿಯ ಹೊಸ ಬಟ್ಟೆಯ ವಾಸನೆ.

ಮಾರ್ಚ್ ೧೫. ರವಿವಾರ, ಸಂಜೆ

ವಕೀಲರನ್ನು ಕರೆದುಕೊಂಡು ತಾಳಿಕೋಟೆಗೆ ಹೋಗಿದ್ದೆ. ಬಸ್ಸಿನಲ್ಲಿ ಎಲ್ಲರಿಗೂ ನಿದ್ದೆ. ಜೋಳ ಕೊಯ್ದ ಹೊಲಗಳು ಬಿಸಿಲಲ್ಲಿ ತೇಲುತ್ತಿದ್ದವು. ಈ ದಾರಿ ಮುಗಿಯದೇ ಇದ್ದರೆ ಅನಿಸಿತು. ಹೋಗಿ ಏನನ್ನಲಿ?

ವಕೀಲರೇ ಅಂದರು. “ರಸೂಲಸಾಬ, ಇದು ಹಾಕ್ಕೊಳ್ಳೂ ಸೂಟ್ ಅಲ್ರಿ, ಸರಕಾರ ಬಿಡೂ ಸೂಟ್. ಲಗ್ನ ಆದಾವ್ರಿಗೆ ಟ್ಯಾಕ್ಸ್ ಕಮ್ಮಿ.” ರಸೂಲಸಾಬರು ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ನಾನೂ ನಗುವವನಿದ್ದೆ. ಅಷ್ಟರಲ್ಲಿ ಒಳಬಾಗಿಲಿನ ಪರದೆಯಾಚೆಯಿಂದ ಜೈತುನಳ ದನಿ.

“ಹಂಗಾರ ಬಕ್ರೀದ್ ಬಿಟ್ಟು ಇಪ್ಪತ್ತೊಂಬತ್ತಕ್ಕ ಬಂದದ್ದು ಇದಕ್ಕ ಏನ್ರಿ? ನಮ್ಮಪ್ಪನ ಕಡೆ ಕೇಳಲಿಲ್ಲ, ಸರಕಾರದ ಕಡೆ ಕೇಳಿದ್ರಿ. ಕೇಳಿದಂಗ ಆತಲ್ರಿ.”

ವಕೀಲರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಏಪ್ರಿಲ್ ಒಂದಕ್ಕ ಮಾಡೂಣ್ರಿ,” ಅಂದೆ.

“ಒಂದ ದಿನದ ಸಲುವಾಗಿ ವರ್ಷದ ಸೂಟ್ ಹೋಗತೈತ್ರಿ, ಡಾಕ್ಟರ್,” ವಕೀಲರು ಕಿವಿಯಲ್ಲಿ ಅಂದರು.

“ಹೋಗ್ಲಿ ಬಿಡ್ರಿ. ಬಕ್ರೀದ್ ತನಕ ತಡಿಯಾಕ ನನ್ನ ಕಡೆ ಆಗೂದಿಲ್ಲ. ಅವಸರ ಅದಕ್ಕ, ಟ್ಯಾಕ್ಸಿಗಲ್ಲ.” ಪರದೆಗೇ ಅಂದೆ. ಅವಳಪ್ಪನ ಮುಂದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಪರದೆ ಅಲುಗಿತು. ಗಾಳಿಯೋ, ಅವಳೋ. ರಸೂಲಸಾಬರು ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಅಂದರು.

ಮಾರ್ಚ್ ೨೪

ಏನೂ ಬರೆದಿಲ್ಲ ಇಷ್ಟು ದಿನ. ಯಾರ ನಾಡಿ ಹಿಡಿದರೂ ತಾಳಿಕೋಟೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

ಇವತ್ತು ಮಾಬುಬಿ ಬಂದಳು. “ಆ ಕೋಟ್ ತಿರುಗಿ ಕೊಡ್ಬೇಕಂತ್ರಿ. ಒಂದ ಗುಂಡಿ ಸಡ್ಲ ಆಗಿತ್ತಂತ. ಹಚ್ಚಿ ಕಳಸ್ತಾರಂತ. ಏಪ್ರಿಲ್ ಒಂದಕ್ಕ ಅದನ್ನ ಹಾಕ್ಕೊಂಡು ಬರ್ಬೇಕಂತ್ರಿ, ಹೊಸಾದ್ ಬ್ಯಾಡಂತ.”

ಅಂದರೆ ಮೊದಲು ಕೋಟು ವಾಪಸ್ ಕಳಿಸುವಾಗಲೇ ಜೈತುನ ಗುಂಡಿ ನೋಡಿದ್ದಾಳೆ. ಆ ಸಿಟ್ಟಿನಲ್ಲೂ.

ಮಾರ್ಚ್ ೩೧

ಕಡೇ ದಿನ. ವಿಮೆ ಕಟ್ಟಿದೆ, ಠೇವಣಿ ಇಟ್ಟೆ. ಲಗ್ನ ಇಲ್ಲ. ವಕೀಲರು ಡಂಗುರ ಬಾರಿಸಿದ ಹಾಗೆ ಎಲ್ಲರಿಗೂ ಹೇಳುತ್ತಿದ್ದಾರಂತೆ, ಇಂಥ ಹುಚ್ಚ ಕಕ್ಷಿದಾರನನ್ನು ಕಂಡೇ ಇಲ್ಲ ಅಂತ. ಅನ್ನಲಿ. ನಾಳೆ.

ಏಪ್ರಿಲ್ ೨. ಬೆಳಿಗ್ಗೆ

ಬೇವಿನ ಹೂವಿನ ವಾಸನೆ ಮನೆಯೊಳಗೂ ಬಂದಿದೆ. ಅವಳು ಇಲ್ಲಿದ್ದಾಳೆ. ನಿಜವಾಗಿ ಇದ್ದಾಳೆ. ಗೂಟದ ಮೇಲೆ ಕೋಟು, ಹೊಸ ದಾರದ ಗುಂಡಿ.

ವಕೀಲರು ಬರೆದಿಟ್ಟುಹೋದ ಟ್ಯಾಕ್ಸಿನ ಟಿಪ್ಪಣಿ ಮೇಜಿನ ಮೇಲಿತ್ತು, ಓದಿದಳು. “ಮಕ್ಕಳಾದ್ರೂ ಸೂಟ್ ಅಂತ ಬರದಾರಲ್ರಿ. ಅದಕ್ಕ ಕಡೀ ದಿನ ಯಾವದು?”

“ಬರೂ ವರ್ಷ ಮಾರ್ಚ್ ಮೂವತ್ತೊಂದು.”

ಏನು ಕೇಳಿದೆ ಅಂತ ಆಗ ಹೊಳೆಯಿತು ಅವಳಿಗೆ. ಮುಖಕ್ಕೆ ಸೆರಗು. ಹೊರಗೆ ಕಂಪೌಂಡರ್ ಕೂಗುತ್ತಿದ್ದಾನೆ, ದೇವಣಗಾಂವದಿಂದ ಯಾರೋ ಕೆಮ್ಮಿಗೆ ಬಂದಿದ್ದಾರಂತೆ. ಸೆರಗಿನೊಳಗಿಂದಲೇ ಅಂದಳು: “ಔಷಧ ಕೊಟ್ಟು ಕಳಸ್ರಿ. ಆಮ್ಯಾಲ ಇವತ್ತ ದವಾಖಾನಿಗೆ ಸೂಟಿ ಅಂತ ಹೇಳ್ರಿ.”

ಸೂಟಿ ಅಂದರೆ ರಜೆ. ಫುಫಿ ಪರದೆಯಾಚೆ ಇದ್ದರೆ ಇದನ್ನೂ ಏನಂತ ತಿಳಿದು ಯಾರಿಗೆ ಏನು ಕಳಿಸುತ್ತಾಳೋ.