ಕ್ಯಾಪ್ಟನ್ ಬಂದನು

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಬರೆಯುವುದನ್ನು ಕಲಿ ಎಂದು ನೀವು ಕೊಟ್ಟ ಹಳೆಯ ವೈಜ್ಞಾನಿಕ ಕಾದಂಬರಿಗಳ ಅನುವಾದಗಳನ್ನು ಓದಿದೆ. ಮಂಗಳ ಗ್ರಹಕ್ಕೆ ಹೋದಮೇಲೂ ಹೆಂಗಸರು ತಟ್ಟೆಯನ್ನೇ ತೊಳೆಯುತ್ತಾರೆ. ಓದುತ್ತ ಓದುತ್ತ ಹೇಸಿಗೆಯಾಯಿತು. ಅದಕ್ಕೇ ನನ್ನ ಮೊದಲ ಕಥೆಯಲ್ಲಿ ನೌಕೆಯ ಕ್ಯಾಪ್ಟನ್ ಹೆಂಗಸು.

ನಿಮ್ಮ ಪತ್ರಿಕೆಗೆಂದು ನೀವು ತಿದ್ದಿದ ಪ್ರತಿ ನಿನ್ನೆ ಕೈಸೇರಿತು. "ಓದುವವರು ನಂಬಬೇಕಲ್ಲ, ಮಗಳೇ" ಎಂದು ಅಂಚಿನಲ್ಲಿ ಬರೆದು, ಕ್ಯಾಪ್ಟನ್ "ಬಂದಳು", "ಹೇಳಿದಳು" ಎಂದಿದ್ದಲ್ಲೆಲ್ಲ "ಬಂದನು", "ಹೇಳಿದನು" ಎಂದು ಮಾಡಿದ್ದೀರಿ.

ದಯವಿಟ್ಟು ಅದನ್ನು ಅಚ್ಚಿಗೆ ಕಳಿಸಬೇಡಿ. ಬೇರೆ ಕಥೆಯನ್ನೂ ಕೇಳಬೇಡಿ. ಪುಸ್ತಕಗಳನ್ನು ಚಿಕ್ಕಮ್ಮನ ಕೈಗೆ ಕೊಟ್ಟಿದ್ದೇನೆ.

ಇಡೀ ಕಥೆಯಲ್ಲಿ ಕ್ಯಾಪ್ಟನ್ಳ ಒಂದೇ ಒಂದು ಸಾಲನ್ನು ಮಾತ್ರ ನೀವು ಮುಟ್ಟದೆ ಬಿಟ್ಟಿದ್ದೀರಿ: "ಕ್ಯಾಪ್ಟನ್ ಎಲ್ಲರಿಗೂ ಚಹಾ ಸೋಸಿ ಕೊಟ್ಟಳು." ಅದೊಂದನ್ನು ನೀವೂ ನಂಬಿದಿರಿ.

ಇತಿ,
ನಿಮ್ಮ ಅಣ್ಣನ ಮಗಳು